ಬಾವಿಯೊಳಗಿನ ಮೀನು

ದೆವ್ವ, ಗಾಳಿ ಎಂದರೆ ನನಗೆ ಮೊದಲಿನಿಂದಲೂ ನಗು. ಮದುವೆಯಾಗಿ ಶಿರಂಗಾಲದ ಕಡೆಗೆ ಬಂದಮೇಲೂ, ಕತ್ತಲಾದರೆ ಬಾವಿಗೆ ಹೋಗಲು ಜೊತೆ ಹುಡುಕುವ ನೆರೆಮನೆಯ ಹೆಂಗಸರನ್ನು ಛೇಡಿಸುತ್ತಿದ್ದೆ. ಆದ್ದರಿಂದ ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ನಮ್ಮ ಬಾವಿಯಲ್ಲಿ ಒಂದೇ ಒಂದು ಮೀನಿತ್ತು. ನೀರು ಕೆಟ್ಟರೆ ಮೊದಲು ಅದಕ್ಕೆ ಗೊತ್ತಾಗುತ್ತದೆಂದು ಅತ್ತೆ ಕಾವೇರಿ ಹೊಳೆಯಿಂದ ತಂದು ಬಿಟ್ಟಿದ್ದರು. ದಿನಾ ಬೆಳಗ್ಗೆ ನಾಲ್ಕು ಅಗುಳು ಎಸೆದು, ಅದು ಮೇಲೆ ಬಂದು ತಿಂದಮೇಲೆಯೇ ಹಗ್ಗ ಇಳಿಸುತ್ತಿದ್ದರು. ನಾನಾಗ ತುಂಬು ಬಸುರಿ.

ಆ ವರ್ಷ ನಮ್ಮ ಯಜಮಾನರು ಬಾವಿಯ ಮೇಲುಗಡೆಯ ಹೊಲಕ್ಕೆ ಕಳೆ ಸಾಯಿಸುವ ಹೊಸ ಔಷಧಿ ಹೊಡೆಸಿದರು. ಅಂದೇ ಜೋರು ಮಳೆ ಬಂತು. ಮರುದಿನ ಮೀನು ಅಗುಳು ಮುಟ್ಟಲಿಲ್ಲ. ನೀರಿನ ಮೇಲೆ ಬಾಯಿ ತೆರೆಯುತ್ತಾ, ಒಂದು ಮಗ್ಗುಲಿಗೆ ವಾಲಿ ಸುತ್ತು ಹೊಡೆಯುತ್ತಿತ್ತು. ಬಕೆಟ್ ಬಿಟ್ಟರೆ ಸರಿದುಹೋಗದೆ ಅದರೊಳಕ್ಕೇ ಬಂತು. ಹಿಡಿದು ನೋಡಿದರೆ ಕೆಂಪಗಿರಬೇಕಾದ ಕಿವಿರು ಬೂದಿ ಬಣ್ಣಕ್ಕೆ ತಿರುಗಿ ಲೋಳೆ ಕಟ್ಟಿತ್ತು. ಸಂಜೆಯೊಳಗೆ ಸತ್ತಿತು. ಅತ್ತೆ ಅಳುತ್ತಲೇ ಅದನ್ನು ಬಾಳೆಯ ಬುಡದಲ್ಲಿ ಹೂತರು.

“ಬಸ್ರಿ ಹೆಂಗ್ಸು, ಈ ನೀರು ಕುಡಿಬ್ಯಾಡ ಕಣವ್ವ,” ಎಂದರು.

ಯಜಮಾನರು ರೇಗಿದರು. “ಅದಕ್ಕೆ ವಯಸ್ಸಾಗಿತ್ತು, ಸತ್ತೋಯ್ತು. ಹುಲ್ಲಿನ ಔಷಧಿ ಮನುಷ್ರಿಗೇನು ಮಾಡೀತು? ನೀನು ಸೇದ್ಕೊಂಡು ಬಾ ಹೋಗೆ.”

ನನಗೂ ಅವರ ಮಾತೇ ಸರಿಯೆನಿಸಿತು. ದೀಪ ಹಚ್ಚುವ ಹೊತ್ತಿಗೆ ಬಾವಿಗೆ ಹೋದೆ. ಬಕೆಟ್ ಅರ್ಧಕ್ಕೆ ಬಂದಾಗ ಹಗ್ಗ ಕೈಯಲ್ಲಿ ಎಗರಿತು. ಒಳಗೆ ಬಾಲ ಬಡಿಯುವ ಸದ್ದು. ಕಟ್ಟೆಯ ಮೇಲಿಡುವಷ್ಟರಲ್ಲಿ ನೀರು ಸಿಡಿದು ಮುಖಕ್ಕೆ ರಾಚಿತು. ಬಗ್ಗಿ ನೋಡಿದೆ. ಬರೀ ನೀರು, ಸುಮ್ಮನೆ ಸುತ್ತು ತಿರುಗುತ್ತಿತ್ತು. ಹೊಟ್ಟೆ ಹಿಡಿದುಕೊಂಡು ಕಿರುಚಿಬಿಟ್ಟೆ.

ಯಜಮಾನರು ನಗುತ್ತಲೇ ಬಂದರು. ಆ ನೀರನ್ನು ಚೆಲ್ಲಿ ತಾವೇ ಸೇದತೊಡಗಿದರು. ಎಳೆಯುತ್ತಾ ಎಳೆಯುತ್ತಾ ನಗು ನಿಂತಿತು. ಬಕೆಟ್ಟಿನೊಳಗೆ ಬಗ್ಗಿ ನೋಡಿದರು. ನೀರನ್ನು ಸುರಿದು, ಹಗ್ಗ ಬಿಚ್ಚಿಟ್ಟು, ಕೊಡ ಹೆಗಲಿಗೇರಿಸಿ ಆ ಕತ್ತಲಲ್ಲೇ ಹೊಳೆಯ ಕಡೆಗೆ ನಡೆದರು.

ಮಗು ಹುಟ್ಟುವವರೆಗೂ ಅವರೇ ಹೊಳೆಯಿಂದ ನೀರು ಹೊತ್ತರು. ಮಗಳು ಗಟ್ಟಿಮುಟ್ಟಾಗಿ ಹುಟ್ಟಿದಳು. ಹೆದರಿದವರಿಗೆ ಏನೇನೋ ಕೇಳಿಸುತ್ತದೆ ಎಂದು ನನ್ನ ಮಟ್ಟಿಗೆ ಸಮಾಧಾನ ಹೇಳಿಕೊಳ್ಳಬಹುದು. ಆದರೆ ಅವರು ಹೆದರಿರಲಿಲ್ಲವಲ್ಲ! ಅಂದು ಏನು ನೋಡಿದಿರಿ ಎಂದು ಎಷ್ಟೋ ಸಲ ಕೇಳಿದ್ದೇನೆ. ಈಗಲೂ ಆ ಮಾತೆತ್ತಿದರೆ ಅವರು ಎದ್ದು ಹೊರಗೆ ಹೋಗಿಬಿಡುತ್ತಾರೆ.