ಅತ್ತೆಯವರಿಗೆ ಕಾಣದ ಬಾವಿ

ಕಣ್ಣು ಮಂಜಾಗುತ್ತ ಬಂದಮೇಲೆ ನನ್ನ ಮೂಗು ಚುರುಕಾಗಿದೆ. ಮೊನ್ನೆ ಸಂಜೆ ಮಹಡಿ ಮನೆಯ ಬಾಡಿಗೆಯವರ ಮಗಳು ಸನಾ ಬಂದು ನನ್ನ ಪಕ್ಕ ಕುಳಿತು ಕಂಪಾಸ್ ಬಾಕ್ಸ್ ತೆರೆದಳು. ತುಕ್ಕು ಹತ್ತಿದ ತಗಡು, ಪೆನ್ಸಿಲ್ ಹೆರೆದ ಸಿಪ್ಪೆ, ಸೆಂಟ್ ರಬ್ಬರು, ಮೂರೂ ಸೇರಿದ ಆ ವಾಸನೆಗೆ ನಾನು ಒಂದು ಗಳಿಗೆ ಎಲ್ಲಿದ್ದೇನೆಂದೇ ಮರೆತೆ. ಸನಾ ಈ ವರ್ಷ ಎಸ್ಸೆಸ್ಸೆಲ್ಸಿ. ಕಾನ್ವೆಂಟಿನಲ್ಲಿ ಓದಿದ ಆಂಟಿಗೆ ಎಲ್ಲ ಗೊತ್ತಿರುತ್ತದೆ ಎಂದು ಅವಳ ತಾಯಿ ನಂಬಿದ್ದಾರೆ. ಆ ನಂಬಿಕೆಯನ್ನು ಕೆಡಿಸುವ ಧೈರ್ಯ ನನಗೆ ಈವರೆಗೆ ಬಂದಿಲ್ಲ.

"ಆಂಟಿ, ಈ ಪ್ರೂಫ್ ಸರಿ ಇದೆಯಾ ನೋಡಿ" ಎಂದು ನೋಟ್‌ಬುಕ್ಕು ಚಾಚಿದಳು. ಎರಡು ಕಣ್ಣಿಗೂ ಪೊರೆ ಬಂದಿರುವ ನನಗೆ ಒಂದು ಗೆರೆ ಎರಡಾಗಿ, ಎರಡು ಗೆರೆ ಜೇಡರ ಬಲೆಯಾಗಿ ಕಾಣಿಸಿತು. ಕನ್ನಡಕವನ್ನು ಮೂಗಿನ ಮೇಲೆ ಏರಿಸಿ, ಇಳಿಸಿ, ಗಂಭೀರವಾಗಿ "ವೆರಿ ಗುಡ್" ಎಂದೆ. ಅವಳು ಪುಸ್ತಕ ಮುಚ್ಚಿ ನನ್ನನ್ನೇ ನೋಡಿ ಮೆತ್ತಗೆ ಕೇಳಿದಳು, "ಆಂಟಿ, ನಿಜವಾಗ್ಲೂ ನೋಡಿದ್ರಾ?"

ಹೌದೆಂದೆ. ಆದರೆ ಆ ಪ್ರಶ್ನೆ ಹದಿನೈದು ವರ್ಷದ ಹಿಂದೆ ನಮ್ಮ ಮನೆಯಲ್ಲಿ ದಿನವೂ ಕೇಳುತ್ತಿದ್ದ ಪ್ರಶ್ನೆ. ಕೇಳುತ್ತಿದ್ದವರು ನಮ್ಮ ಅತ್ತೆ.

ಅತ್ತೆಯವರ ಬಳಿಗೆ ಹೋಗುವ ಮುಂಚೆ ನನ್ನ ಜಾಮಿಟ್ರಿಯ ವಿಚಾರ ಹೇಳಿಬಿಡುತ್ತೇನೆ. ನಮ್ಮ ಕಾನ್ವೆಂಟಿನ ಸಿಸ್ಟರುಗಳ ಪ್ರಕಾರ ಬೈಹಾರ್ಟ್ ಆಗದ ವಿದ್ಯೆ ವಿದ್ಯೆಯೇ ಅಲ್ಲ. ಬೆಳಗಿನ ಪ್ರಾರ್ಥನೆಯನ್ನು ಹೇಗೋ ಥಿಯರಮ್ಮುಗಳನ್ನೂ ಹಾಗೆಯೇ ಒಂದೇ ಉಸಿರಿಗೆ ಒಪ್ಪಿಸುತ್ತಿದ್ದೆ. ಕೊನೆಗೆ, ಸಾಧಿಸಿಯಾಯಿತು ಎನ್ನುವ ಕ್ಯೂ.ಇ.ಡಿ. ಎಂಬ ಮೂರಕ್ಷರವನ್ನು ಬಾಲ ಬಿಟ್ಟು ಬಳ್ಳಿ ಹಬ್ಬಿಸಿ ಎಷ್ಟು ಚೆಂದ ಬರೆಯುತ್ತಿದ್ದೆನೆಂದರೆ, ನನಗೆ ಮಾರ್ಕ್ಸ್ ಬಂದದ್ದು ಬಹುಶಃ ಅದಕ್ಕೇ. ತ್ರಿಭುಜವನ್ನು ಯಾರಾದರೂ ತಲೆಕೆಳಗು ಮಾಡಿ ಬರೆದರೆ ಮಾತ್ರ ಗುರುತೇ ಹತ್ತುತ್ತಿರಲಿಲ್ಲ. ದಿನಾ ಹಾಲು ಹಾಕುವವರು ಮದುವೆ ಮನೆಗೆ ಸೂಟು ತೊಟ್ಟು ಬಂದರೆ ನಾವು ಯಾರಿದು ಎಂದು ತಬ್ಬಿಬ್ಬಾಗುವುದಿಲ್ಲವೆ, ಹಾಗೆ.

ಇದೇ ಆಸ್ತಿಯನ್ನು ನಾನು ನನ್ನ ಮಗಳು ಶೈಲುಗೂ ಕೊಟ್ಟೆ. ಎಸ್ಸೆಸ್ಸೆಲ್ಸಿಯ ಪ್ರಿಪರೇಟರಿ ಪರೀಕ್ಷೆಯಲ್ಲಿ ತ್ರಿಭುಜ ಎಬಿಸಿ ಹೋಗಿ ಪಿಕ್ಯೂಆರ್ ಬಂದಿತ್ತು, ತಲೆಕೆಳಗಾಗಿ. ಇನ್ನೊಂದು ಚಿತ್ರದಲ್ಲಿ ಎರಡು ಬಾಹುಗಳು ಒಂದೇ ಅಳತೆ ಎನ್ನುವ ಹಾಗೆ ಕಾಣುತ್ತಿದ್ದವಂತೆ. ಸಮ ಎಂದು ಪ್ರಶ್ನೆಯಲ್ಲಿ ಎಲ್ಲಿಯೂ ಹೇಳಿರಲಿಲ್ಲ. ಇವಳು ಸಮ ಎಂದೇ ಬರೆದು ಮುಂದಕ್ಕೆ ಹೋಗಿದ್ದಳು. ಲೆಕ್ಕದಲ್ಲಿ ಫೇಲು. ಮನೆಗೆ ಬಂದವಳು ಬ್ಯಾಗನ್ನು ಅಕ್ಕಿ ಡಬ್ಬದ ಹಿಂದೆ ತುರುಕಿ, "ನಾನು ಎಕ್ಸಾಮ್ ಬರೆಯಲ್ಲಮ್ಮ, ನನ್ನನ್ನ ಏನೂ ಕೇಳಬೇಡ" ಎಂದಳು. ಅತ್ತಿದ್ದರೆ, ಬಾಗಿಲು ಬಡಿದಿದ್ದರೆ ನಾನು ಹೆದರುತ್ತಿರಲಿಲ್ಲ. ಬಾಯಿ ಮುಚ್ಚದ ಹುಡುಗಿ ತಟ್ಟೆಯಲ್ಲಿ ಅನ್ನ ಕಲಸಿಕೊಂಡು ಸುಮ್ಮನೆ ಕುಳಿತಿದ್ದು ನೋಡಿ ಹೆದರಿದೆ. ಪರೀಕ್ಷೆಗೆ ಎರಡು ತಿಂಗಳೂ ಇರಲಿಲ್ಲ.

ಆಗ ನಾವಿದ್ದದ್ದು ಲಷ್ಕರ್ ಮೊಹಲ್ಲಾದ ಹಳೆ ಮನೆಯಲ್ಲಿ. ನಮಗೂ ಪಕ್ಕದವರಿಗೂ ನಡುವೆ ಒಂದೇ ಗೋಡೆ. ಬಾಗಿಲ ಬಳಿಯ ಬೆತ್ತದ ಕುರ್ಚಿಯಲ್ಲಿ ನಮ್ಮ ಅತ್ತೆ. ಹಣೆ ತುಂಬ ವಿಭೂತಿ, ಬಾಯಿ ತುಂಬ ಅನುಮಾನ. ಕರಿಬೇವಿನವಳು ಈಗ ತಾನೇ ಕಿತ್ತದ್ದು ಎಂದರೆ, ನೀನೇ ಕಿತ್ತೆಯಾ ಎನ್ನುವರು. ಇಂಥವರ ಮಗಳಿಗೆ ನಿಶ್ಚಯವಾಯಿತಂತೆ ಎಂದರೆ, ತಟ್ಟೆ ಬದಲಾಯಿಸಿದ್ದು ನಿಜವಾಗ್ಲೂ ನೋಡಿದೆಯಾ ಎನ್ನುವರು. ರೇಡಿಯೋದಲ್ಲಿ ಮಳೆ ಬರುತ್ತದೆ ಎಂದರೂ ಅವರಿಗೆ ಕಾರಣ ಬೇಕು. ಅವರ ಎರಡು ಕಣ್ಣಿಗೂ ಪೊರೆ ಬೆಳೆದು, ಬೆಳಗಿನ ಲಿಂಗಪೂಜೆಯನ್ನು ಕೈ ತಡವಿಕೊಂಡೇ ಮಾಡುತ್ತಿದ್ದರು. ಆಪರೇಶನ್ನಿಗೆ ಮಾತ್ರ ಒಪ್ಪುತ್ತಿರಲಿಲ್ಲ. ಹೆದರಬೇಡಿ, ಏನೂ ಆಗೋದಿಲ್ಲ ಎಂದು ಡಾಕ್ಟರು ಹೇಳಿದ್ದಕ್ಕೆ, ಏನೂ ಆಗದಿದ್ದ ಮೇಲೆ ಯಾಕೆ ಮಾಡಿಸ್ಕೋಬೇಕು ಎಂದು ಎದ್ದು ಬಂದಿದ್ದರು. ನಮ್ಮ ಯಜಮಾನರು ವರ್ಷಗಟ್ಟಲೆ ಗೋಗರೆದು, ಅಂತೂ ಆ ಫೆಬ್ರವರಿಗೆ ಒಪ್ಪಿಸಿ ದಿನ ಗೊತ್ತುಮಾಡಿದ್ದರು.

ಮೊಮ್ಮಗಳು ಮಾತು ಬಿಟ್ಟಿದ್ದು ಅತ್ತೆಯವರ ಕಿವಿಗೆ ಕೂಡಲೇ ತಿಳಿಯಿತು. ಸಂಜೆ ಕರೆದು, ಏನದು ನಿನ್ನ ತಲೆನೋವು, ನಂಗೂ ಒಸಿ ಹೇಳು ಎಂದರು. ಪೀಡೆ ತೊಲಗಲಿ ಎನ್ನುವ ಹಾಗೆ ಶೈಲು ಪುಸ್ತಕ ತಂದು ಕುಳಿತಳು.

"ಒಂದು ಸರ್ಕಲ್ ಇದೆ ಅಜ್ಜಿ. ಇಲ್ಲಿ ಹೊರಗಡೆ ಒಂದು ಪಾಯಿಂಟ್. ಇಲ್ಲಿಂದ ಹೀಗೆ ಒಂದು ಗೆರೆ, ಹೀಗೆ ಒಂದು ಗೆರೆ."

"ಇಲ್ಲಿ ಅಂದ್ರೆ ಎಲ್ಲೇ? ಹೀಗೆ ಅಂದ್ರೆ ಹೆಂಗೆ?"

ಶೈಲು ಬೆರಳಿಟ್ಟು ತೋರಿಸುತ್ತಿದ್ದಳು, ಪಾಪ, ಕಾಣದವರಿಗೆ. ಸ್ವಲ್ಪ ಹೊತ್ತು ಯೋಚಿಸಿ ಬೇರೆ ದಾರಿ ಹಿಡಿದಳು. ಒಂದು ದುಂಡನೆಯ ಬಾವಿ ಇದೆ, ನೀನು ಅದರಿಂದಾಚೆ ನಿಂತಿದ್ದೀಯ, ನಿನ್ನ ಕೈಯಿಂದ ಎರಡು ಹಗ್ಗ ಬಿಗಿಯಾಗಿ ಎಳೆದಿದೆ, ಒಂದು ಬಾವಿಯ ಎಡದ ಅಂಚಿಗೆ ತಾಗುತ್ತೆ, ಇನ್ನೊಂದು ಬಲದ ಅಂಚಿಗೆ, ಒಳಗೆ ಹೋಗಲ್ಲ, ಬರೀ ತಾಗುತ್ತೆ ಎಂದಳು.

"ಹ್ಞೂ, ನಿಂತ್ಕೊಂಡೆ. ಕೊನೆಗೇನಾಗ್ಬೇಕು? ಮೊದ್ಲೇ ಹೇಳ್ಬುಡು."

"ಕೈಯಿಂದ ತಾಗೋವರೆಗೂ ಎರಡು ಹಗ್ಗಾನೂ ಒಂದೇ ಉದ್ದ ಅಂತ ಪ್ರೂವ್ ಮಾಡ್ಬೇಕು."

"ಯಾಕೆ ಒಂದೇ ಉದ್ದ?"

"ಅಯ್ಯೋ, ನೋಡಿದ್ರೇ ಗೊತ್ತಾಗುತ್ತೆ ಅಜ್ಜಿ."

"ನಂಗೆ ಕಾಣಲ್ಲ ಕಣೆ. ಹೇಳು."

ಶೈಲು ಪುಸ್ತಕವನ್ನು ಹತ್ತಿರಕ್ಕೆಳೆದುಕೊಂಡು, ಉರು ಹೊಡೆಯುವುದಕ್ಕಲ್ಲ, ಉತ್ತರ ಹುಡುಕುವುದಕ್ಕೆ ಓದತೊಡಗಿದಳು. ಅಡುಗೆಮನೆಯಲ್ಲಿ ಸೌಟು ಹಿಡಿದಿದ್ದ ನನ್ನ ಕೈ ಅಲ್ಲೇ ನಿಂತಿತು.

ಅಂದಿನಿಂದ ಸಂಜೆಯಾದರೆ ಅದೇ ಕಚೇರಿ. ದತ್ತ ಎಂದರೆ ಯಾರು ಕೊಟ್ಟದ್ದು ಎಂದು ಕೇಳಿದರು ಅತ್ತೆ. ಕ್ವೆಶ್ಚನ್ ಪೇಪರ್‌ನವರು ಎಂದಳು ಶೈಲು. ಅವರೇ ಒಪ್ಪಿಕೊಂಡ ಮೇಲೆ ನನ್ನ ತಕರಾರಿಲ್ಲ, ಆದರೆ ಅವರು ಕೊಡದೆ ಇರೋದನ್ನ ಒಂದು ಮಾತೂ ಸೇರಿಸಕೂಡದು ಎಂದು ಕಟ್ಟಪ್ಪಣೆಯಾಯಿತು. ಬಾವಿಯ ನಡುವಿನಿಂದ ಅಂಚಿಗೆ ಎತ್ತ ಅಳೆದರೂ ಒಂದೇ ದೂರ ಎಂಬುದಕ್ಕೆ ಬೇಗ ತಲೆಯಾಡಿಸಿದರು, ಇಲ್ಲದಿದ್ದರೆ ಅದು ದುಂಡಗೇ ಇರುತ್ತಿರಲಿಲ್ಲವಲ್ಲ. ಹಗ್ಗ ತಾಗುವ ಕಡೆ ಲಂಬಕೋನ ಏಕೆ ಎಂಬಲ್ಲಿ ಗಾಡಿ ನಿಂತಿತು. ಅದು ಹಿಂದಿನ ಪಾಠದ ಥಿಯರಮ್ಮು ಎಂದರೆ, ಹಾಗಾದರೆ ಅದನ್ನೂ ಕರೆದುಕೊಂಡು ಬಾ, ಸಾಕ್ಷಿ ಹೇಳಲಿ ಎಂದರು. ಅದು ಮುಗಿದ ಮೇಲೆ, ಅಜ್ಜಿಯ ಕೈಯಿಂದ ಬಾವಿಯ ನಡುವಿಗೆ ಒಂದು ಗೆರೆ ಎಳೆದರೆ ಅದು ಆಚೆಯ ತ್ರಿಭುಜಕ್ಕೂ ಸೇರುತ್ತೆ, ಈಚೆಯದಕ್ಕೂ ಸೇರುತ್ತೆ ಎಂದು ಶೈಲು ಹೆದರುತ್ತ ಹೆದರುತ್ತ ಹೇಳಿದಳು. ಅತ್ತೆಯವರ ಮುಖ ಅರಳಿತು. ಸುಣ್ಣ ಬಳಿಯುವ ಸರದಿ ಯಾರದೆಂದು ಪಕ್ಕದ ಮನೆಯವರ ಜೊತೆ ವರ್ಷಾನುಗಟ್ಟಲೆ ಜಗಳವಾಡಿದವರು ಅವರು.

"ನಮ್ಮ ನಡುಗೋಡೆ ಇದ್ದಂಗೆ ಅನ್ನು ಮತ್ತೆ. ಅದು ಇಬ್ಬರದೂ ಹೌದು."

ಹೀಗೆ ಒಂದೊಂದೇ ಕೂಡಿಬಂದು ಎರಡು ತ್ರಿಭುಜಗಳೂ ಸರ್ವಸಮವಾದವು, ಹಗ್ಗಗಳೂ ಸಮವಾದವು. ಈ ಪುಟವನ್ನು ಪ್ರಮೇಯಗಳಲ್ಲಿ ಸಿಕ್ಕಿಕೊಂಡ ಮಕ್ಕಳು ಯಾರಾದರೂ ಓದುತ್ತಿದ್ದರೆ, ನನಗೆ ಗೊತ್ತಿರುವ ಟಿಪ್ಸ್ ಎಲ್ಲ ಆ ಬೆತ್ತದ ಕುರ್ಚಿಯಿಂದ ಬಂದದ್ದೇ. ಎಲ್ಲಿಗೆ ಹೋಗಬೇಕೆಂದು ಮೊದಲು ಹೇಳಿಕೊಳ್ಳಿ. ಕೊಟ್ಟದ್ದನ್ನು ಬೇರೆಯಾಗಿ ಬರೆದಿಡಿ. ಒಂದು ದಿನ ಅಕ್ಷರ ಬದಲಾಯಿಸಿ, ಒಂದು ದಿನ ಚಿತ್ರವನ್ನು ಬೇಕೆಂತಲೇ ಸೊಟ್ಟಗೆ ಬರೆಯಿರಿ, ಆಗ ಕಂಡದ್ದನ್ನೇ ನಂಬು ಎಂದು ಕಣ್ಣು ಆಸೆ ತೋರಿಸುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಚಿತ್ರ ಕಾಣದವರೊಬ್ಬರಿಗೆ ಅದನ್ನು ಹೇಳಿ.

ಅಷ್ಟರಲ್ಲಿ ಆಪರೇಶನ್ನಿನ ದಿನ ಹತ್ತಿರ ಬಂತು. ಅತ್ತೆ ಇದ್ದಕ್ಕಿದ್ದ ಹಾಗೆ, ಈಗ ಬೇಡ, ಏಪ್ರಿಲ್ ಬರ್ಲಿ ಎಂದರು. ಎಲ್ಲರಿಂದಲೂ ಕಾರಣ ಕೇಳುವವರು ತಾವು ಮಾತ್ರ ಹೇಳಲಿಲ್ಲ. ನಮ್ಮ ಯಜಮಾನರು ತಲೆ ಚಚ್ಚಿಕೊಂಡರು. ಅತ್ತೆಯವರ ಕೈ ಹಿಡಿದು ಬಚ್ಚಲಿಗೆ, ಜಗಲಿಗೆ ನಡೆಸುತ್ತಿದ್ದ ನನಗೂ ರೇಗಿತು. ಇಷ್ಟು ಆಬ್ಸ್ಟಿನೇಟ್ ಮುದುಕಿ ಇಡೀ ಮೈಸೂರಿನಲ್ಲಿಲ್ಲ ಎಂದು ಮನಸ್ಸಿನಲ್ಲೇ ಇಂಗ್ಲಿಷಿನಲ್ಲಿ ಬೈದುಕೊಂಡೆ.

ಲೆಕ್ಕದ ಪರೀಕ್ಷೆ ಮುಗಿಸಿ ಬಂದ ಶೈಲು ಚಪ್ಪಲಿ ಬಿಟ್ಟವಳೇ ನನ್ನನ್ನು ದಾಟಿ ಅಜ್ಜಿಯ ಕುರ್ಚಿಯ ಹತ್ತಿರ ಹೋದಳು.

"ಅಜ್ಜಿ, ಬಾವಿ ಬಂದಿತ್ತು."

"ಎಲ್ಲಾ ಸಾಲಿಗೂ ಕಾರಣ ಬರೆದೆಯಾ?"

"ಬರೆದೆ."

"ನಿಜವಾಗ್ಲೂ?"

ಮಾರನೆಯ ವಾರ ಅತ್ತೆಯವರನ್ನು ಕಣ್ಣಾಸ್ಪತ್ರೆಗೆ ಆಟೋದಲ್ಲಿ ಕರೆದುಕೊಂಡು ಹೊರಟೆ. ಈ ಸಂಕಟವೆಲ್ಲ ಎರಡು ತಿಂಗಳ ಹಿಂದೆಯೇ ಮುಗಿಯುತ್ತಿತ್ತಲ್ಲ ಅತ್ತೆ ಎಂದು ದಾರಿಯಲ್ಲಿ ಗೊಣಗಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, ರಸ್ತೆಯ ಕಡೆ ಮುಖ ಮಾಡಿಯೇ ಹೇಳಿದರು:

"ಕಣ್ಣು ಬಂದ್ಬುಟ್ಟಿದ್ರೆ ನಾನೂ ಚಿತ್ರ ನೋಡಿ ಹ್ಞೂ ಅಂದ್ಬುಡ್ತಿದ್ದೆ ಕಣಮ್ಮ. ಆ ಮಗೀಗೆ ಯಾರು ತಕರಾರು ಮಾಡೋರು?"

ಕಣ್ಣು ಮುಚ್ಚಿಕೊಂಡು ಕೇಳಬಹುದಿತ್ತಲ್ಲ ಎಂದೆ.

"ಕದ್ದು ನೋಡ್ಬುಡ್ತಿದ್ದೆ. ನನ್ನ ಗುಣ ನಂಗೆ ಗೊತ್ತಿಲ್ವಾ?"

ಪಟ್ಟಿ ಬಿಚ್ಚಿದ ಮೇಲೆ ಮನೆಯವರ ಮುಖಗಳನ್ನೆಲ್ಲ ನೋಡಿ, ನನಗೆ ನೀನು ಕಪ್ಪಾಗಿದ್ದೀಯ ಎಂದು ಹೇಳಿ, ಎಲ್ಲಿ ಆ ಬಾವಿ ತೋರಿಸು ಎಂದರು. ಶೈಲು ಪುಸ್ತಕ ಹಿಡಿದಳು. ಅತ್ತೆ ಬಗ್ಗಿ ನೋಡಿದರು.

"ಇಷ್ಟೇನಾ? ನೋಡಿದ್ರೇ ಗೊತ್ತಾಗುತ್ತಲ್ಲೇ. ಇದಕ್ಕಾ ಅಷ್ಟೊಂದು ಮಾತು?"

ಶೈಲು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನು ನಗಲಿಲ್ಲ. ಆಟೋದಲ್ಲಿ ಅವರು ಹೇಳಿದ್ದರ ಪ್ರೂಫ್ ಅಲ್ಲಿ ನನ್ನ ಕಣ್ಣೆದುರಿಗೆ ಆಗಿತ್ತು. ಶೈಲು ಪಾಸಾದಳು, ಡಿಸ್ಟಿಂಕ್ಷನ್ನೇನಲ್ಲ, ಆದರೆ ಆಮೇಲೆ ಯಾವ ಪರೀಕ್ಷೆಗೂ ಬ್ಯಾಗು ಬಚ್ಚಿಡಲಿಲ್ಲ. ಅತ್ತೆಯವರಿಗೆ ನಾನು ಥ್ಯಾಂಕ್ಸ್ ಹೇಳಲೇ ಇಲ್ಲ. ನಮ್ಮ ಕಡೆ ಅತ್ತೆ ಸೊಸೆಯರ ನಡುವೆ ಆ ಮಾತು ನಡೆಯುವುದಿಲ್ಲ. ಹೇಳಿದ್ದರೂ, ಯಾಕೆ ಎಂದು ಕೇಳುತ್ತಿದ್ದರು. ಎರಡು ತಿಂಗಳ ಕತ್ತಲೆ ಎಂದರೇನೆಂದು ಆಗ ನನಗೆ ತಿಳಿದಿರಲಿಲ್ಲ. ಈಗ ಕಾಫಿ ಲೋಟಕ್ಕೆ ಕೈ ಚಾಚಿದರೆ ಪಕ್ಕದ ಡಬ್ಬಿ ಸಿಗುವ ಈ ದಿನಗಳಲ್ಲಿ ತಿಳಿಯುತ್ತಿದೆ.

ನಿನ್ನೆ ಕುವೆಂಪುನಗರದಿಂದ ಶೈಲು ಫೋನು ಮಾಡಿದ್ದಳು. ಮುಂದಿನ ಗುರುವಾರ ಕಣ್ಣಿನ ಆಪರೇಶನ್ನಿಗೆ ಡಾಕ್ಟರು ಬರಹೇಳಿದ್ದಾರೆ, ನಾನು ರಜಾ ಹಾಕುತ್ತೇನೆ ಎಂದಳು. ಏಪ್ರಿಲ್ ಬರಲಿ ಎಂದೆ.

"ಯಾಕಮ್ಮ? ಕಾರಣ ಹೇಳು."

"ಮಹಡಿ ಮನೆ ಹುಡುಗಿಗೆ ಎಕ್ಸಾಮ್ ಇದೆ ಕಣೆ."

ಸರಿ, ಏಪ್ರಿಲ್‌ಗೇ ಬರೆಸುತ್ತೇನೆ ಎಂದಳು. ದನಿ ಸ್ವಲ್ಪ ಒದ್ದೆಯಾಗಿತ್ತು.

ಈಗ ಮೆಟ್ಟಿಲ ಮೇಲೆ ಸನಾಳ ಹೆಜ್ಜೆ ಸದ್ದು. ಕಂಪಾಸ್ ಬಾಕ್ಸಿನ ವಾಸನೆ ಅವಳಿಗಿಂತ ಮೊದಲೇ ಬಂತು. ನೋಟ್‌ಬುಕ್ಕು ಚಾಚಿದಳು. ಕನ್ನಡಕ ತೆಗೆದು ಪಕ್ಕಕ್ಕಿಟ್ಟೆ.

"ಮೊನ್ನೆ ನಾನು ನೋಡಲಿಲ್ಲ ಕಣಮ್ಮ. ನಂಗೆ ಕಾಣಲ್ಲ. ಹೇಳು."