ತಾರಸಿಯ ಮೇಲಿನ ಬೀಜದ ಸೋರೆ

ಮಕ್ಕಳೇ, ಚಾಮರಾಜನಗರದ ಕಾಲೇಜಿನ ತಾರಸಿಗೆ ನಾನು ಹತ್ತಿದ್ದು ನಿಮ್ಮ ದೊಡ್ಡಕ್ಕನ ಕಾಟಕ್ಕೆ. ಅವಳ ಕಾಲೇಜಿನಲ್ಲಿ ತಾರಸಿಯ ಮೇಲೆ ತರಕಾರಿ ಬೆಳೆಯುವುದನ್ನು ಕಲಿಸುತ್ತಿದ್ದರು. ಮನೆಯಲ್ಲಿ ಹಿರಿಯರಿದ್ದರೆ ಕರೆತನ್ನಿ, ನಾಲ್ಕು ಮಾತಾಡಲಿ ಎಂದಿದ್ದರಂತೆ ಮೇಡಂ.

“ಮಾತು ನನ್ ಕೈಲಾಗಕಿಲ್ಲ ಕಣಮ್ಮಿ. ಬೇಕಾರೆ ಬೀಜ ಕೊಡ್ತೀನಿ” ಅಂದೆ. ಊರಿನ ಶಾಲೆಯಲ್ಲಿ ಪದ್ಯ ಹೇಳು ಎಂದರೆ ಗೋಡೆಯ ಕಡೆ ತಿರುಗಿ ಹೇಳುತ್ತಿದ್ದವಳು ನಾನು.

ಬೀಜ ಎಂದರೆ ತೆರಕಣಾಂಬಿಯ ನನ್ನ ತವರಿನ ಗುಂಡು ಸೋರೆ. ನಿಮ್ಮ ತಾತ ಇರುವವರೆಗೆ ಹಿತ್ತಿಲಲ್ಲಿ ವರ್ಷವರ್ಷವೂ ಹಾಕುತ್ತಿದ್ದೆವು. ಪೇಟೆಯ ಮನೆಗೆ ಬಂದ ಮೇಲೆ ನೆಲವೆಲ್ಲಿ? ಡಬ್ಬಿಯ ಬೂದಿಯಲ್ಲಿ ಕೆಲವೇ ಬೀಜ ಉಳಿದಿದ್ದವು. ಇನ್ನೂ ಇಟ್ಟರೆ ಮೊಳೆಯುವಂತಿರಲಿಲ್ಲ. ತವರಿನಲ್ಲೂ ಈಗ ಅಂಗಡಿಯ ಬೀಜವೇ. ಇವೂ ಹೋದರೆ ಆ ಸೋರೆಯೇ ಇಲ್ಲ. ಅಷ್ಟನ್ನೂ ಒಯ್ದು ತಾರಸಿಯ ಹಳೇ ಡ್ರಮ್ಮಿಗೆ ಹಾಕಿದೆ.

ಹುಟ್ಟಿದ್ದು ಒಂದೇ ಬಳ್ಳಿ. ಹಬ್ಬಿತು, ಹೂವೂ ಬಿಟ್ಟಿತು, ಆದರೆ ಮಿಡಿಯೆಲ್ಲ ಉದುರುತ್ತಿತ್ತು. ಅಷ್ಟು ಎತ್ತರಕ್ಕೆ ದುಂಬಿಗಳು ಬರುತ್ತಿಲ್ಲ ಎಂದರು ಮೇಡಂ. ಸಂಜೆ ಬಿಳಿ ಹೂ ಅರಳುವ ಹೊತ್ತಿಗೆ ಹುಡುಗಿಯರು ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಸವರಿದರು.

“ಅಜ್ಜಿ, ಮದ್ವೆ ಮಾಡಿಸ್ತಾ ಇದೀವಿ, ಅಕ್ಷತೆ ಹಾಕ್ಬನ್ನಿ!” ಎಂದು ಒಬ್ಬಳು ಕೂಗಿದಳು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ. ಆದರೂ ನೋಡಿ, ಮಿಡಿ ನಿಂತವು.

ಅವುಗಳಲ್ಲಿ ದಷ್ಟಪುಷ್ಟವಾದ ಒಂದರ ತೊಟ್ಟಿಗೆ ಹಳೇ ಸೀರೆಯ ಕೆಂಪು ಚೂರು ಕಟ್ಟಿದೆ. ನಮ್ಮ ಕಡೆ ಹಾಗೆ ಕಟ್ಟಿದ್ದು ಬೀಜದ ಕಾಯಿ, ಯಾರೂ ಮುಟ್ಟುವುದಿಲ್ಲ. ಇದು ಯಾರಿಗೆ ಗೊತ್ತಿಲ್ಲ ಎಂದುಕೊಂಡು ಬಾಯಿಬಿಟ್ಟು ಹೇಳಲಿಲ್ಲ. ಉಳಿದ ಕಾಯಿಗಳೆಲ್ಲ ಎಳೆಯದರಲ್ಲೇ ಹುಡುಗಿಯರ ಮನೆಗಳ ಸಾರು, ಪಲ್ಯವಾದವು.

ಕಾಲೇಜಿನಲ್ಲಿ ತರಕಾರಿ ಪ್ರದರ್ಶನ ಇಟ್ಟ ದಿನ ನಾನು ಮೆಟ್ಟಿಲು ಹತ್ತಿ ಹೋಗುತ್ತೇನೆ, ಒಬ್ಬಳು ಆ ಕಾಯಿಯ ತೊಟ್ಟಿಗೇ ಚಾಕು ಹಿಡಿದಿದ್ದಾಳೆ, ಇನ್ನೊಬ್ಬಳು ಕೆಳಗೆ ತಟ್ಟೆ ಹಿಡಿದಿದ್ದಾಳೆ!

“ಬುಟ್ಬುಡ್ರಮ್ಮಿ! ಕುಯ್ಬ್ಯಾಡಿ! ಅದು ಬೀಜುಕ್ಕೆ ಬುಟ್ಟಿರದು!”

ಆ ದನಿ ನನ್ನದೇ. ಕೆಳಗಿನ ಅಂಗಳದಲ್ಲಿದ್ದವರೂ ಕತ್ತೆತ್ತಿ ನೋಡಿದರು.

“ನೀವೇ ಗುರ್ತು ಕಟ್ಟಿದ್ರಲ್ಲಜ್ಜಿ! ಎಲ್ಲಕ್ಕಿಂತ ಚೆನ್ನಾಗಿರೋದು, ಇದನ್ನೇ ಇಡಿ ಅಂತ ಅಲ್ವಾ?” ಅಂದಳು ಚಾಕುವಿನವಳು.

“ಚೆನ್ನಾಗದೆ ಅಂತಲೇ ಬುಟ್ಟಿರದು ಕಣವ್ವ. ಒಳ್ಳೇದ ತಿಂದ್ಬುಟ್ರೆ ಬಿತ್ತಕ್ಕೇನ್ ಇಟ್ಕಳದು?”

“ಮತ್ತೆ ಟೇಬಲ್ ಮೇಲೆ ಏನಿಡೋದು?” ಎಂದು ಮೇಡಂ ತಲೆ ಕೆರೆದುಕೊಂಡರು.

ನಿಮ್ಮಕ್ಕ ಸುಮ್ಮನಿರುತ್ತಾಳೆಯೇ? “ನೋಡೋರನ್ನೇ ಮೇಲಕ್ಕೆ ಕರ್ಕೊಂಡು ಬರಾಣ ಮೇಡಂ. ನಮ್ಮಜ್ಜಿ ಹೇಳ್ತದೆ!”

ಅತಿಥಿಗಳು ಏದುಸಿರು ಬಿಡುತ್ತಾ ಹತ್ತಿ ಬಂದರು. ಓಡಿಹೋಗಲು ಇದ್ದ ಒಂದೇ ಮೆಟ್ಟಿಲ ದಾರಿಯಲ್ಲಿ ಅವರೇ ತುಂಬಿದ್ದರು. ನಾನು ಬಳ್ಳಿಯ ಕಡೆ ತಿರುಗಿಕೊಂಡೆ. ಸಿಪ್ಪೆಗೆ ಉಗುರು ಇಳಿಯದಷ್ಟು ಗಟ್ಟಿಯಾಗಬೇಕು, ತೊಟ್ಟು ಒಣಗಬೇಕು, ಅಲ್ಲಾಡಿಸಿದರೆ ಒಳಗೆ ಗಲಗಲ ಎನ್ನಬೇಕು ಎಂದು ಎಲೆಗಳಿಗೆ ಹೇಳಿದೆ. ಹಿಂದಿನಿಂದ ಯಾರೋ “ಜೋರಾಗಿ ಹೇಳಿ ಅಜ್ಜಿ” ಅಂದರು. ಜೋರಾಗಿಯೇ ಹೇಳಿದೆ.

ಬಳ್ಳಿ ಒಣಗಿದ ಮೇಲೆ ಕಾಯಿ ಗಲಗಲ ಎಂದಿತು. ಒಡೆದು ಹಂಚಿಕೊಂಡೆವು. ಹುಡುಗಿಯರು ಕರ್ಚೀಫಿನಲ್ಲಿ ಬೀಜ ಕಟ್ಟಿಕೊಂಡರು. ಚಾಕು ಹಿಡಿದಿದ್ದವಳು ಆ ಕೆಂಪು ಚೂರನ್ನೂ ಕೇಳಿ ಪಡೆದಳು.

ನನ್ನ ಪಾಲು ಅಡುಗೆಮನೆಯ ಡಬ್ಬಿಯಲ್ಲಿ, ಬೂದಿಯೊಳಗಿದೆ. ನಿಮ್ಮಲ್ಲಿ ಯಾರಿಗೆ ಒಂದು ಡ್ರಮ್ ಇಡುವಷ್ಟು ಬಿಸಿಲು ಸಿಕ್ಕರೂ ತೆಗೆದುಕೊಂಡು ಹೋಗಿ. ಕಾಯಿಗೆ ಬಟ್ಟೆ ಕಟ್ಟಿದಾಗ ಮಾತ್ರ ಪಕ್ಕದವರಿಗೆ ಒಂದು ಮಾತು ಹೇಳಿಬಿಡಿ.