ಅಮವಾಸ್ಯೆಯ ದಿನ ಬದಲಿಸಿದ ದಾರಿ

ರಾಯಚೂರಿನಲ್ಲಿ ನಮ್ಮ ಓಣಿಯವರಿಗೆ ನಾನು 'ಕಂಪ್ಯೂಟರ್ ಅಕ್ಕ'. ಪ್ರಿಂಟರ್ ಕೆಟ್ಟರೂ ನನ್ನನ್ನೇ ಕರೆಯುತ್ತಾರೆ, ಟಿವಿ ರಿಮೋಟ್ ಕೆಟ್ಟರೂ ನನ್ನನ್ನೇ. ಅದು ನನ್ನ ಕೆಲಸವಲ್ಲ ಎಂದು ಹೇಳಿ ಹೇಳಿ ಸಾಕಾಗಿ, ಈಗ ಸುಮ್ಮನೆ ಹೋಗಿ ರಿಮೋಟಿನ ಸೆಲ್ ತಿರುಗಿಸಿ ಹಾಕಿ ಬರುತ್ತೇನೆ. ನನ್ನ ನಿಜವಾದ ಕೆಲಸವನ್ನು ವಿವರಿಸುವುದಕ್ಕಿಂತ ಅದು ಸುಲಭ.

ನಿಜವಾದ ಕೆಲಸ ಎಂದರೆ ದಾರಿ ಹಾಕುವುದು. ನಾನಿರುವುದು ಎಕ್ಸ್‌ರೇ, ಸ್ಕ್ಯಾನ್ ಮಾಡುವ ಒಂದು ಖಾಸಗಿ ಸಂಸ್ಥೆಯಲ್ಲಿ. ರಾಯಚೂರು, ಮಾನ್ವಿ, ದೇವದುರ್ಗ ಮೂರೂ ಕಡೆ ಕೇಂದ್ರಗಳಿವೆ. ಎಕ್ಸ್‌ರೇ ನೋಡಿ ವರದಿ ಬರೆಯುವ ವೈದ್ಯರು ಮಾತ್ರ ಒಬ್ಬರೇ, ರಾಯಚೂರಿನಲ್ಲಿ. ದೇವದುರ್ಗದಲ್ಲಿ ತೆಗೆದ ಚಿತ್ರ ಕ್ಲೌಡ್‌ಗೆ, ಅಂದರೆ ಎಲ್ಲೋ ಬಾಡಿಗೆಗೆ ಹಿಡಿದ ಸರ್ವರ್‌ಗೆ ಹೋಗಿ ಕೂರಬೇಕು, ಅಲ್ಲಿಂದ ಅವರು ತೆರೆದು ನೋಡಬೇಕು. ಅದು ಹೋಗುವ ದಾರಿ ನನ್ನ ಪಾಲಿಗೆ ಬಂದದ್ದು.

ಮೊದಲು ಆ ದಾರಿ ನೇರವಾಗಿತ್ತು. ಸಂಸ್ಥೆಯ ತಪಾಸಣೆಗೆ ಬಂದ ಅಧಿಕಾರಿಗಳು ಅದಕ್ಕೆ ಒಪ್ಪಲಿಲ್ಲ. ರೋಗಿಗಳ ಮಾಹಿತಿ ಹೀಗೆ ಬೇಲಿ ಇಲ್ಲದ ಹೊಲದಲ್ಲಿ ಹೋದಂತೆ ಹೋಗಬಾರದು, ನಡುವೆ ಒಂದು ಕಾವಲು ಬೇಕು ಎಂದರು. ಕಾವಲು ಎಂದರೆ ಕಬ್ಬಿಣದ ಪೆಟ್ಟಿಗೆ ಏನೂ ಅಲ್ಲ. ಬಾಡಿಗೆಯ ಯಂತ್ರದೊಳಗೇ ಓಡುವ ಒಂದು ಪ್ರೋಗ್ರಾಂ, ವರ್ಚುವಲ್ ಫೈರ್‌ವಾಲ್. ಕಣ್ಣಿಗೆ ಕಾಣದ ಸರ್ವರ್‌ಗೆ ಕಣ್ಣಿಗೆ ಕಾಣದ ಕಾವಲುಗಾರ. ಕ್ಲೌಡ್‌ಗೆ ತನ್ನದೇ ಹತ್ತಿರದ ದಾರಿ ಗೊತ್ತಿರುತ್ತದೆ. ಅದನ್ನು ಬಿಡಿಸಿ, ಮೊದಲು ಕಾವಲುಗಾರನ ಮುಂದೆ ಹಾದುಹೋಗು ಎಂದು ರೂಟ್ ಟೇಬಲ್ ಎಂಬ ಪಟ್ಟಿಯಲ್ಲಿ ನಾವೇ ಕೈಯಾರೆ ಬರೆಯಬೇಕು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎನ್ನುತ್ತಾರಲ್ಲ, ಆ ಎಡವಟ್ಟಿನ ದಾರಿಗೆ ಸಂಬಳ ತೆಗೆದುಕೊಳ್ಳುವವಳು ನಾನು.

ಇದರಲ್ಲಿ ಒಂದು ಕಟ್ಟಳೆ ಇದೆ. ಹೋಗುವಾಗ ಕಾವಲುಗಾರನ ಮುಂದೆ ಹೋದದ್ದಕ್ಕೆ ಉತ್ತರವೂ ಅವನ ಮುಂದೆಯೇ ವಾಪಸ್ ಬರಬೇಕು. ಉತ್ತರ ಬೇರೆ ದಾರಿಯಲ್ಲಿ ಬಂದರೆ, ಅರ್ಧ ಮಾತು ಮಾತ್ರ ಕೇಳಿಸಿಕೊಂಡ ಅವನು ಸಂಶಯಪಟ್ಟು ಮುಂದಿನದನ್ನೆಲ್ಲ ತಡೆದುಬಿಡುತ್ತಾನೆ. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಮೊದಲ ದಿನ ನಾನು ಹೇಳುವ ಪಾಠವೇ ಇದು.

ಹೊಸ ದಾರಿಗೆ ಬದಲಿಸಲು ನಾನು ಆರಿಸಿಕೊಂಡದ್ದು ಅಮವಾಸ್ಯೆಯ ದಿನ. ಅಮವಾಸ್ಯೆಗೆ ನಮ್ಮ ರಾಯಚೂರಿನ ಆಫೀಸಿನಲ್ಲಿ ಯಂತ್ರಗಳಿಗೆ ಪೂಜೆ, ಬಾಗಿಲಿಗೆ ನಿಂಬೆಹಣ್ಣು, ಮಧ್ಯಾಹ್ನದ ತನಕ ಯಾರೂ ಕೆಲಸ ಮುಟ್ಟುವುದಿಲ್ಲ. ಜನ ಕಡಿಮೆ, ಆರಾಮ ಎಂದುಕೊಂಡೆ. ದೇವದುರ್ಗದ ಕಡೆ ಅಮವಾಸ್ಯೆ ಎಂದರೆ ಎತ್ತು ಹೂಡುವುದಿಲ್ಲ, ಹೊಲಕ್ಕೆ ಆಳು ಇಳಿಯುವುದಿಲ್ಲ. ತಿಂಗಳಿಗೆ ಸಿಗುವ ಆ ಒಂದು ಬಿಡುವಿನಲ್ಲಿ ಕೂಲಿಯವರೆಲ್ಲ ತಲೆಗೆ ಎರೆದುಕೊಂಡು ಊರಿಗೆ ಬರುತ್ತಾರೆ: ಸಂತೆಗೆ, ಬ್ಯಾಂಕಿಗೆ, ದವಾಖಾನೆಗೆ. ನನ್ನ ಅಜ್ಜಿ ಅದೇ ತಾಲೂಕಿನಲ್ಲಿ ಹೊಲದ ಕೂಲಿ ಮಾಡಿದವಳು, ಅಮವಾಸ್ಯೆ ಬಿಟ್ಟು ಬೇರೆ ದಿನ ಕಾಯಿಲೆ ಬಿದ್ದದ್ದೇ ಇಲ್ಲ. ಅಪ್ಪ ಮಾಸ್ತರನಾದ, ನಾನು ಪೇಟೆಯಲ್ಲಿ ಬೆಳೆದೆ. ಒಂದೇ ತಲೆಮಾರಿನಲ್ಲಿ ನಮ್ಮ ಮನೆಯ ಅಮವಾಸ್ಯೆ ಬದಲಾಗಿಬಿಟ್ಟಿತ್ತು. ನಾಚಿಕೆಯ ಮಾತು, ಆದರೆ ನನಗದು ನೆನಪೇ ಆಗಲಿಲ್ಲ.

ಬೆಳಿಗ್ಗೆ ದಾರಿ ಬದಲಿಸಿದೆ. ಮಾನ್ವಿಯ ಚಿತ್ರಗಳು ಬಂದವು. ದೇವದುರ್ಗವನ್ನು ಸಣ್ಣ ಪರೀಕ್ಷೆಯಿಂದ ತಟ್ಟಿ ನೋಡಿದೆ, 'ಇದ್ದೇನೆ' ಎಂದು ಉತ್ತರ ಬಂತು. ಪೂಜೆಯ ಪ್ರಸಾದ ತಿಂದು ಕೈ ತೊಳೆಯುವಷ್ಟರಲ್ಲಿ ಅಲ್ಲಿಂದ ಫೋನು. ಅಲ್ಲಿ ಎಕ್ಸ್‌ರೇ ತೆಗೆಯುವವಳು ಒಬ್ಬಳೇ, ಮೆಲ್ಲಗೆ ಮಾತಾಡುವ ಹೆಂಗಸು.

"ಯಕ್ಕಾ, ಒಂದ್ ಫೋಟೋನೂ ಹೋಗವಲ್ದು ನೋಡ್ರಿ. ಮಂದಿ ಹೊರಗಿನ ತನಕ ಕುಂತಾರ."

"ಕೇಬಲ್ ಸಡ್ಲಾಗಿರಬೇಕು, ಬಿಚ್ಚಿ ಹಾಕು," ಎಂದೆ.

ಬಿಚ್ಚಿ ಹಾಕಿದಳು. ಯಂತ್ರ ಆರಿಸಿ ಹಚ್ಚಿದಳು. ಮತ್ತೆ ಫೋನು. "ಗಬ್ಬೂರ ಊರಾಕಿ ಒಬ್ಬಾಕಿ ಮುಂಜಾನಿಂದ ಕುಂತಾಳ್ರಿ. ಎರಡ್ ತಿಂಗಳಾತಂತ ಕೆಮ್ಮಾಕತ್ತು. ರಿಪೋರ್ಟ್ ಬಂದ್ರ ಇಲ್ಲಿ ಡಾಕ್ಟ್ರು ಮುಂದಿಂದು ನೋಡ್ತಾರ. ಇವತ್ತ ತಪ್ಪಿದ್ರ ಮುಂದಿನ ಅಮಾಸಿಗೇ ಬರೋದು ಅನ್ನಾಕತ್ಯಾಳ. ಆಕಿ ಟಂಟಂ ಆಟೋ ನಾಕಕ್ಕ ಬಿಡ್ತದಂತ್ರಿ."

ನಾಲ್ಕರೊಳಗೆ ಆಗುತ್ತದೆ, ಕೂರಿಸು ಎಂದೆ. ಆಮೇಲೆ ಮೂರು ತಾಸು ದೇವದುರ್ಗದ ತಪ್ಪನ್ನೇ ಹುಡುಕಿದೆ. ಇಂಟರ್‌ನೆಟ್ ಕೊಟ್ಟವನಿಗೆ ಫೋನ್ ಮಾಡಿ ಜಗಳವಾಡಿದೆ, ಅವನು ತನ್ನದು ಸರಿ ಇದೆ ಎಂದ. ಮಾನ್ವಿಯಲ್ಲಿ ನಡೆಯುತ್ತಿದೆ, ಅಂದ ಮೇಲೆ ನನ್ನದೂ ಸರಿ ಇದೆ. ಹಾಗಾದರೆ ತಪ್ಪು ಅವಳದೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ನೆಲ ರಾಯಚೂರಿನಿಂದ ದೇವದುರ್ಗದ ತನಕ ಡೊಂಕಾಗಿತ್ತು.

ಮೂರೂವರೆಗೆ ಅವಳು ಕೇಳಿದಳು: "ನಂದೇನರ ತಪ್ಪಾಗ್ಯದೇನ್ರಿ ಯಕ್ಕಾ?"

ನಾನು ಅಲ್ಲ ಎನ್ನಲಿಲ್ಲ. ನೋಡ್ತೀನಿ ಎಂದೆ. ಆ ಒಂದು ಮಾತು ಈಗಲೂ ನನ್ನನ್ನು ಚುಚ್ಚುತ್ತದೆ.

ನಾಲ್ಕು ಹೊಡೆದು ಸ್ವಲ್ಪ ಹೊತ್ತಿಗೆ ಸಿಕ್ಕಿತು. ಸರ್ವರ್‌ನ ಕಡೆಯ ಪಟ್ಟಿಯಲ್ಲಿ ಮಾನ್ವಿಗೆ ಹೋಗುವ ಉತ್ತರ ಕಾವಲುಗಾರನ ಮುಂದೆ ಹೋಗಲಿ ಎಂದು ಬರೆದಿದ್ದೆ. ದೇವದುರ್ಗದ್ದು ಬರೆದೇ ಇರಲಿಲ್ಲ. ಅಲ್ಲಿಂದ ಹೊರಟದ್ದು ಕಾವಲಿನ ಮುಂದೆ ಬರುತ್ತಿತ್ತು, ಉತ್ತರ ಹಳೆಯ ನೇರ ದಾರಿಯಲ್ಲಿ ಹೋಗುತ್ತಿತ್ತು, ಕಾವಲುಗಾರ ಉಳಿದದ್ದನ್ನೆಲ್ಲ ತಡೆಯುತ್ತಿದ್ದ. ನನ್ನ ಸಣ್ಣ ಪರೀಕ್ಷೆ ಒಂದು ಕೂಗು, ಒಂದು ಓ ಅಷ್ಟೇ. ಅದಕ್ಕೆ ಅವನ ತಕರಾರಿಲ್ಲ. ಚಿತ್ರ ಕಳಿಸುವುದು ಉದ್ದದ ಮಾತುಕತೆ, ಅದಕ್ಕೆ ಅವನು ಬಿಡುವುದಿಲ್ಲ. ನಾನೇ ಪಾಠ ಹೇಳುವ ತಪ್ಪು. ಒಂದು ನಮೂದು ಬರೆದೆ, ಚಿತ್ರಗಳು ದಬದಬ ಬಂದು ಬಿದ್ದವು. ಗಬ್ಬೂರಿನವಳ ಟಂಟಂ ಆಗಲೇ ಹೋಗಿತ್ತು.

ವೈದ್ಯರು ಅವಳ ಚಿತ್ರವನ್ನೇ ಮೊದಲು ನೋಡಿದರು. ಬಲ ಪುಪ್ಪುಸದಲ್ಲಿ ದೊಡ್ಡ ಕಲೆ. ಕ್ಷಯದ ಗುಮಾನಿ ಇದೆ, ತಡ ಮಾಡದೆ ಕಫ ಪರೀಕ್ಷೆ ಆಗಬೇಕು ಎಂದು ಬರೆದರು. ಅವಳು ಕೊಟ್ಟಿದ್ದ ಫೋನ್ ನಂಬರು ಅವಳದಲ್ಲ, ಹತ್ತಿ ಬಿಡಿಸುವ ಅವರ ಗುಂಪಿನ ಹಿರಿಯಳದು. ಹಿರಿಯಳು ಮರುದಿನ ಬೆಳಿಗ್ಗೆ ಫೋನ್ ಎತ್ತಿ, "ಹೊಲದಾಗ ಅದೀವ್ರಿ. ಹಿಡದ ಸಾಲು ಬಿಟ್ಟು ಯಾರೂ ಬರಂಗಿಲ್ಲ," ಎಂದು ಇಟ್ಟುಬಿಟ್ಟಳು.

ನಾನೇ ದೇವದುರ್ಗದ ಬಸ್ಸು ಹತ್ತಿ ಗಬ್ಬೂರಿನಲ್ಲಿ ಇಳಿದೆ. ಕೇಳುತ್ತಾ ಕೇಳುತ್ತಾ ಹೊಲ ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಗಬ್ಬೂರಿನವಳು ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು, ಸಣಕಲು ಮೈ, ಸೊಂಟಕ್ಕೆ ಹತ್ತಿ ತುಂಬಲು ಕಟ್ಟಿದ ಬಟ್ಟೆಯ ಉಡಿ. ಬದುವಿನ ಪಕ್ಕಕ್ಕೆ ಕರೆದು ವರದಿಯ ವಿಷಯ ಹೇಳಿದೆ, ಇವತ್ತೇ ದೇವದುರ್ಗಕ್ಕೆ ಹೋಗಬೇಕು ಎಂದೆ.

"ಮುಂದಿನ ಅಮಾಸಿಗೆ ಹೋಗ್ತೀನ್ ಬೇ," ಎಂದಳು. "ನಡುವ ಸಾಲು ಬಿಟ್ರ ಗುಂಪಿನಾಗ ಮತ್ತ ಕರಿಯಂಗಿಲ್ಲ. ನಿನ್ನಿ ಬಂದಿದ್ನಲ್ಲಾ. ಮಷಿನ್ ಕೆಟ್ಟಿತ್ತು. ಫೋಟೋ ತಗಿಯಾಕಿ ಪಾಪ, ನಂದ ತಪ್ಪಾತು ಅಂತ ಎಲ್ಲಾರಿಗೂ ಕೈ ಮುಗಿಯಾಕತ್ತಿದ್ಲು."

"ಯವ್ವಾ, ಮಷಿನ್ ಕೆಟ್ಟಿರಲಿಲ್ಲ. ಆಕಿ ತಪ್ಪೂ ಅಲ್ಲ. ನನ್ನ ತಪ್ಪು. ನಾನು ಕೆಲಸ ಅರ್ಧ ಮಾಡಿ ಬಿಟ್ಟಿದ್ದೆ," ಎಂದೆ.

ಅವಳು ನನ್ನ ಚಪ್ಪಲಿಯಿಂದ ಕನ್ನಡಕದ ತನಕ ಒಮ್ಮೆ ನೋಡಿದಳು. ಕೆಮ್ಮು ಬಂತು, ಸೆರಗಿನಲ್ಲಿ ಕೆಮ್ಮಿ ಮುಗಿಸಿದಳು. ನಂತರ ಉಡಿ ಬಿಚ್ಚಿ ನನ್ನ ಕೈಗೆ ಕೊಟ್ಟಳು.

"ಹಂಗಾರ ನನ್ನ ಸಾಲಿಗೆ ನೀ ಬದಲಿ ನಿಂದ್ರು. ಬದಲಿ ಕೊಟ್ಟು ಹೋದ್ರ ಯಾರೂ ಏನೂ ಅನ್ನಂಗಿಲ್ಲ."

ಸಾಲಿನ ಹೆಂಗಸರೆಲ್ಲ ನಕ್ಕರು. ಹಿರಿಯಳು ನಗಲಿಲ್ಲ. ಬದಲಿ ಆಳು ಇದ್ದರೆ ಹೋಗಬಹುದು, ಅದು ಗುಂಪಿನ ಪದ್ಧತಿ, ಆಳು ಯಾರು ಎಂಬುದು ಪದ್ಧತಿಯಲ್ಲಿಲ್ಲ. ವರದಿಯನ್ನು ಗಬ್ಬೂರಿನವಳ ಕೈಯಲ್ಲಿ ಕೊಟ್ಟು, ಬಸ್ ಸ್ಟ್ಯಾಂಡಿಗೆ ಬಂದು ಅವಳನ್ನು ಕರೆದುಕೊಂಡು ಹೋಗಬೇಕೆಂದು ದೇವದುರ್ಗದ ಎಕ್ಸ್‌ರೇಯವಳಿಗೆ ಫೋನ್ ಮಾಡಿದೆ. ನಿನ್ನೆಯ ತಪ್ಪು ನನ್ನದು ಎಂದೂ ಹೇಳಿದೆ. "ಹೌದೇನ್ರಿ," ಎಂದಳು, ಅಷ್ಟೇ.

ಹತ್ತಿ ಬಿಡಿಸುವುದು ಕೆಲಸವೇ ಅಲ್ಲ ಎಂದುಕೊಂಡಿದ್ದೆ. ಕಾಯಿಯ ಒಣ ಸಿಪ್ಪೆ ಉಗುರಿನ ಸಂದಿಗೆ ಹೊಗುತ್ತದೆ, ಸೊಂಟ ಬಗ್ಗಿದ್ದು ಎದ್ದೇಳುವುದಿಲ್ಲ. ಪಕ್ಕದ ಸಾಲುಗಳು ಮುಗಿದು ಹೊಸ ಸಾಲು ಹಿಡಿದರೂ ನಾನು ಅದೇ ಸಾಲಿನಲ್ಲಿದ್ದೆ. "ಯಕ್ಕಾ, ಗಿಡಕ್ಕ ಏನರ ಕೇಳಾಕತ್ತೀರೇನ್ರಿ?" ಎಂದು ಒಬ್ಬಳು ಕಿಚಾಯಿಸಿದಳು. ನಾನು ಮುಂದಿನ ಗಿಡಕ್ಕೆ ಕೈ ಹಾಕಿದೆ.

ಹೊತ್ತು ಇಳಿಯುವಾಗ ಅವಳು ವಾಪಸ್ ಬಂದಳು. "ಕಫ ಕೊಟ್ಟು ಬಂದೀನಿ. ನಾಳಿ ರಿಪೋರ್ಟ್ ಬಂದ ಕೂಡ್ಲೆ ಊರಿಗೇ ಗುಳಿಗಿ ಕಳಸ್ತಾರಂತ," ಎಂದಳು. ನಾನು ಉಡಿ ಬಿಚ್ಚಿ ಕೊಟ್ಟೆ. ಅವಳು ಅದರಲ್ಲಿ ಕೈ ಹಾಕಿ ಎಲೆಯ ಚೂರು, ಸಿಪ್ಪೆ ಆರಿಸಿ ಹೊರಗೆ ಎಸೆದಳು. ಆಮೇಲೆ ನಾನು ಬಿಡಿಸಿ ಬಂದ ಸಾಲನ್ನು ತಿರುಗಿ ನೋಡಿದಳು. ಗಿಡಗಳ ಕೆಳಗಿನ ಅರ್ಧದಲ್ಲಿ ಹತ್ತಿ ಹಾಗೇ ಬೆಳ್ಳಗೆ ಉಳಿದಿತ್ತು.

ಬೈಯಲಿಲ್ಲ. ಸೆರಗು ಸಿಕ್ಕಿಸಿ, ಉಡಿ ಕಟ್ಟಿಕೊಂಡು, ಸಾಲಿನ ಮೊದಲ ಗಿಡಕ್ಕೆ ನಡೆದು ಬಗ್ಗಿದಳು. ಬಿಡ್ರಿ ಯವ್ವಾ, ನಾನು ಮಾಡ್ತೀನಿ ಎಂದು ಹಿಂದೆಯೇ ಹೋದೆ.

"ನೀ ದಣದೀ ಬೇ, ಕುಂದ್ರು," ಎಂದಳು, ಕೆಮ್ಮುತ್ತಲೇ.